ಹಳದಿ ಗೆರೆಯಿಂದಾಚೆ ಒಂದು ಗೇಣು

ನಗರಸಭೆಯವರು ಫುಟ್‌ಪಾತಿನ ಉದ್ದಕ್ಕೂ ಹಳದಿ ಗೆರೆ ಎಳೆಸಿದರು. ಗೆರೆಯ ಒಳಗೆ ಅಂಗಡಿ, ಹೊರಗೆ ಓಡಾಡುವ ಜನ. ಹೊಸ ನಿಯಮ ಇಷ್ಟೇ. ಬಣ್ಣ ಬಳಿಯುವವನು ಯಾರಿಗೂ ಜರುಗಿ ಅನ್ನಲಿಲ್ಲ. ನೆಲದ ಮೇಲೆ ಕುಂಚ ಎಳೆಯುತ್ತಾ ಬಂದ. ಬೀಗ ರಿಪೇರಿಯ ಬೀಗಣ್ಣನ ಪೆಟ್ಟಿಗೆ ಅಂಗಡಿ ಎದುರಾಯಿತು. ಅದರ ಮುಂದೆ ಚಾಚಿಕೊಂಡಿದ್ದ ಹಲಗೆಯ ಮೇಲೆ ಹತ್ತಿ, ಆ ಕಡೆ ಇಳಿದು, ಮತ್ತೆ ನೆಲ ಹಿಡಿದು ಹೊರಟುಹೋದ. ದಾರಿಯಲ್ಲಿ ನಾಯಿ ಮಲಗಿದ್ದರೆ ಅದರ ಬೆನ್ನಿಗೂ ಎಳೆಯುತ್ತಿದ್ದ ಆಸಾಮಿ.

ಹೀಗಾಗಿ ಬೀಗಣ್ಣನ ಹಲಗೆ ಎಷ್ಟು ಸರಿ, ಎಷ್ಟು ತಪ್ಪು ಎನ್ನುವುದು ಹಲಗೆಯ ಮೈಮೇಲೇ ಬರೆದಂತಾಯಿತು. ಒಳಗಿನ ಒಂದು ಗೇಣು ಕಾನೂನು. ಹೊರಗಿನ ಒಂದು ಗೇಣು ಅಪರಾಧ. ಕೀಲಿಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸು ಬೋಲ್ಟು ಬಿಗಿಸಿಕೊಂಡು ಕೂತಿದ್ದು ಅಪರಾಧದ ಕಡೆ. ಒಂಬತ್ತು ವರ್ಷದಿಂದ ಆ ಬೀದಿಯ ಅರ್ಧ ಮನೆಗಳ ಕೀಲಿಗಳು ಆ ವೈಸಿನ ಹಲ್ಲಿನಲ್ಲಿ ಸಿಕ್ಕಿ ಈಚೆ ಬಂದಿದ್ದವು. ಈಗ ಪೆಟ್ಟಿಗೆಯ ಮೇಲೆ ಒಂದು ನೋಟೀಸು ಅಂಟಿತ್ತು. ನಾಳೆ ಸಂಜೆ ಐದರೊಳಗೆ ಗೆರೆ ದಾಟಿದ ಭಾಗವನ್ನು ತೆರವು ಮಾಡದಿದ್ದರೆ ಪೆಟ್ಟಿಗೆ ಸಮೇತ ಎತ್ತಿಕೊಂಡು ಹೋಗಲಾಗುವುದು. ಕೆಳಗೆ ನಗರಸಭೆಯ ಅಧಿಕಾರಿಯ ಸಹಿ. ಬೀದಿಯಲ್ಲಿ ಅವರಿಗೆ ಗೆರೆ ಸಾಹೇಬರು ಎಂದೇ ಹೆಸರು.

ಪೆಟ್ಟಿಗೆ ಹೋದರೆ ಬೀಗಣ್ಣನ ಹತ್ತಿರ ಉಳಿಯುವುದು ಎರಡು ಕೈ ಮಾತ್ರ. ರಾತ್ರಿಯೆಲ್ಲ ಹೊರಳಾಡಿ ಬೆಳಿಗ್ಗೆ ಹೆಂಡತಿಗೆ ನೋಟೀಸು ಓದಿ ಹೇಳಿದ. ಅವಳು ಬಟ್ಟೆ ಫ್ಯಾಕ್ಟರಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದವಳು, ಒಂದು ಕಾಲಿನ ಚಪ್ಪಲಿ ಹಾಕುವಷ್ಟರಲ್ಲಿ ತೀರ್ಪು ಕೊಟ್ಟಳು.

"ಇದಕ್ಕೆ ತಲೆ ಕೆಡಿಸ್ಕೊಂಡು ಯಾಕ್ರೀ ಕೂತಿದ್ದೀರಾ? ಗೆರೆ ಅವರೇ ಎಳ್ದು ಕೊಟ್ಟಿದ್ದಾರೆ. ಅದರ ಮೇಲೇ ಗರಗಸ ಆಡಿಸಿ. ವೈಸು ಬಿಚ್ಚಿ ಒಂದು ಗೇಣು ಒಳಗೆ ಕೂರಿಸಿ. ಐದು ನಿಮಿಷದ ಕೆಲಸ."

"ಒಂಬತ್ತು ವರ್ಷದ ಹಲಗೆ ಕಣೇ."

"ಹಲಗೆಗೆ ನೋವಾಗಲ್ಲ. ಆಮೇಲೆ ಇನ್ನೊಂದು ಮಾತು," ಎನ್ನುತ್ತಾ ಎರಡನೇ ಚಪ್ಪಲಿ ಮೆಟ್ಟಿದಳು. "ಅಲ್ಲಿ ಯಾರ ಮಾತೂ ಕೇಳೋಕೆ ಹೋಗ್ಬೇಡಿ. ನಿಮ್ಮ ಕಿವಿಗೆ ಮಾತ್ರ ಬೀಗ ಇಲ್ಲ."

ಬೀಗಣ್ಣ ಬಡಗಿಯ ಹತ್ತಿರ ಗರಗಸ ಕೇಳಿದ. ಬಡಗಿ ಗರಗಸವನ್ನು ಕೊಡುವುದು ಹೆಣ್ಣು ಕೊಟ್ಟಂತೆ. ಹತ್ತು ಪ್ರಶ್ನೆ, ಇಪ್ಪತ್ತು ಎಚ್ಚರಿಕೆ. "ಮೊಳೆ ಇರೋ ಕಡೆ ಆಡಿಸ್ಬೇಡ. ಸಂಜೆ ಐದಕ್ಕೆ ನನ್ನ ಕೈಗೆ ಬರ್ಬೇಕು. ನಾಳೆ ಬೆಳಿಗ್ಗೆ ಹನ್ನೆರಡು ಕಿಟಕಿ ಚೌಕಟ್ಟು ಕೊಡೋದಿದೆ. ಇದು ಗರಗಸ ಅಲ್ಲಯ್ಯ, ನನ್ನ ಅನ್ನ."

"ಐದಕ್ಕೆ ತಂದ್ಕೊಡ್ತೀನಿ" ಎಂದು ಮಾತು ಕೊಟ್ಟು ಬಂದ ಬೀಗಣ್ಣ, ಪೆಟ್ಟಿಗೆಯ ಬಾಗಿಲು ತೆರೆದು, ಗರಗಸದ ಹಲ್ಲನ್ನು ಹಳದಿ ಗೆರೆಯ ಮೇಲಿಟ್ಟು, ಕಣ್ಣು ಮುಚ್ಚಿ ಒಂದು ಸಲ ಎಳೆದ. ಕರ್ರ್ ಅಂತು.

"ಏ! ಏ! ನಿಲ್ಲಿಸೋ!"

ಪಕ್ಕದ ಕಟಿಂಗ್ ಅಂಗಡಿಯವನು ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಪೇಪರ್ ಹಿಡಿದು ಓಡಿಬಂದ. ಅವನ ಹಿಂದೆ ಒಬ್ಬ ಗಿರಾಕಿಯೂ ಬಂದ. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆಯಲ್ಲಿ ಇನ್ನೂ ನೊರೆ ಇತ್ತು.

"ಪೇಪರ್ ನೋಡಿದ್ಯಾ? ಮೇಲಿನ ಕೋರ್ಟಿನ ತೀರ್ಪು ಬಂದಿದೆ. ಯಾವುದೋ ಊರಲ್ಲಿ ಒಬ್ಬ ಫುಟ್‌ಪಾತಲ್ಲಿ ಸ್ಟೂಲ್ ಹಾಕ್ಕೊಂಡು ಶೂ ಲೇಸ್ ಮಾರ್ತಿದ್ನಂತೆ. ಸ್ಟೂಲ್ ಎತ್ತು ಅಂದ್ರಂತೆ. ಎತ್ತಲ್ಲ ಅಂದ. ಗೆದ್ದ! ಹೊಟ್ಟೆಪಾಡಿನ ಹಕ್ಕಿರೋವನನ್ನ ವಿಚಾರಣೆ ಇಲ್ಲದೆ ಕದಲಿಸೋ ಹಾಗಿಲ್ಲ ಅಂತ ಬರ್ದಿದೆ, ನೋಡು."

ಶೂ ಲೇಸಿನವನು ಕೇಸು ಹಾಕಿದಾಗ ಅವನಿಗೆ ನಲವತ್ತು, ಗೆದ್ದಾಗ ಐವತ್ತೆರಡು ಎಂದು ಸುದ್ದಿಯ ಕೊನೆಯ ಸಾಲಿನಲ್ಲಿತ್ತು. ಕಟಿಂಗ್‌ನವನಿಗೆ ಕೊನೆಯ ಸಾಲು ಓದುವ ಅಭ್ಯಾಸವಿರಲಿಲ್ಲ.

"ನನ್ನದು ಸ್ಟೂಲಲ್ಲ, ಹಲಗೆ" ಎಂದ ಬೀಗಣ್ಣ.

"ಎರಡೂ ಮರವೇ ತಾನೆ?" ಎಂದಳು ಆ ಪಕ್ಕದ ಇಸ್ತ್ರಿ ಅಕ್ಕ, ಇಸ್ತ್ರಿ ಪೆಟ್ಟಿಗೆ ಕಾದಿದ್ದರೂ ಬಿಟ್ಟು ಬಂದು. ಕೆಂಡದ ಪೆಟ್ಟಿಗೆ ಎತ್ತಿ ಎತ್ತಿ ಅವಳ ತೋಳು ಬೀಗಣ್ಣನ ತೊಡೆಯಷ್ಟಿತ್ತು. ಅವಳ ಮಾತಿಗೆ ಬೀದಿಯಲ್ಲಿ ಯಾರೂ ಎದುರಾಡುತ್ತಿರಲಿಲ್ಲ.

ಅಷ್ಟರಲ್ಲಿ ಸೆಕ್ಷನ್ ತಾತ ಕೋಲೂರಿಕೊಂಡು ಬಂದರು. ನಲವತ್ತು ವರ್ಷ ಕೋರ್ಟಿನ ಹೊರಗಿನ ಮರದ ಕೆಳಗೆ ಕೂತು ಅರ್ಜಿ ಟೈಪ್ ಮಾಡಿದವರು. ಕೋರ್ಟಿನ ಒಳಗೆ ಏನಾಗುತ್ತದೆ ಎನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಗೊತ್ತಿತ್ತು. ಹಲಗೆಯ ಮೇಲೆ ಗರಗಸ ಮಾಡಿದ್ದ ಸಣ್ಣ ಗೀರನ್ನು, ಮಗುವಿನ ಮಂಡಿಯ ಗಾಯ ಮುಟ್ಟಿದ ಹಾಗೆ ಮುಟ್ಟಿ ನೋಡಿದರು.

"ಕುಯ್ದಿದ್ರೆ ಮುಗೀತಿತ್ತು ನಿನ್ನ ಕತೆ. ಕುಯ್ದರೆ ತಪ್ಪು ಒಪ್ಕೊಂಡ ಹಾಗೆ. ಇವತ್ತು ಒಂದು ಗೇಣು ಬಿಟ್ಟುಕೊಡ್ತೀಯ. ನಾಳೆ ಗೆರೆ ಇನ್ನೊಂದು ಗೇಣು ಒಳಗೆ ಬರುತ್ತೆ. ನಾಳಿದ್ದು ನಿನ್ನ ಹೊಟ್ಟೆ ಮೇಲೆ ಹಾದುಹೋಗುತ್ತೆ."

"ತಾತ, ನನಗೆ ಪೆಟ್ಟಿಗೆ ಉಳಿದ್ರೆ ಸಾಕು."

"ಪೆಟ್ಟಿಗೆ ಅಲ್ಲಯ್ಯ, ಹಕ್ಕು! ನನ್ನ ತಮ್ಮನ ಮಗ ಹೊಸದಾಗಿ ಕರಿಕೋಟು ಹಾಕಿದ್ದಾನೆ. ಮೊದಲನೇ ಕೇಸಿಗೆ ಕಾಯ್ತಾ ಇದ್ದಾನೆ. ಫೀಸು ಕೇಳಲ್ಲ, ಹೆಸರು ಬಂದ್ರೆ ಸಾಕು ಅವನಿಗೆ. ನಡಿ, ಮಧ್ಯಾಹ್ನದೊಳಗೆ ಸ್ಟೇ ತರೋಣ."

ಬೀಗಣ್ಣ ಹೆಂಡತಿಯ ಚಪ್ಪಲಿಯನ್ನು ನೆನೆದ. ಆದರೆ ಅವನ ಕಿವಿಯ ಬೀಗದ ವಿಷಯ ಅವಳು ಆಗಲೇ ಹೇಳಿದ್ದಾಳೆ. ನಾಲ್ಕು ಜನ ಸುತ್ತ ನಿಂತು, ಅದರಲ್ಲಿ ಒಬ್ಬ ಅರ್ಧ ಗಡ್ಡದಲ್ಲಿ ನಿಂತು, ನೀನು ಗೆಲ್ತೀಯ ಎಂದರೆ ಇಲ್ಲ ಅನ್ನುವ ಗಂಡಸು ಹುಟ್ಟಿಲ್ಲ. ಗರಗಸವನ್ನು ಹಲಗೆಯ ಮೇಲಿಟ್ಟು ಅಂಗಿ ಕೊಡವಿಕೊಂಡ.

ಹೊರಡುವ ಮುಂಚೆ ತಾತ ಕಟಿಂಗ್‌ನವನಿಗೂ ಇಸ್ತ್ರಿ ಅಕ್ಕನಿಗೂ ಕೋಲು ತೋರಿಸಿ ಹೇಳಿದರು: "ಪೆಟ್ಟಿಗೆ ಈಗ ಬರೀ ಪೆಟ್ಟಿಗೆ ಅಲ್ಲ, ಸಾಕ್ಷಿ. ನಾವು ಬರೋವರೆಗೆ ಅದು ಲಾರಿಯವರ ಕೈಗೆ ಸಿಗ್ಬಾರ್ದು. ಏನು ಬೇಕಾದ್ರೂ ಮಾಡಿ."

"ನನ್ನ ಹೆಣದ ಮೇಲೆ!" ಎಂದ ಕಟಿಂಗ್‌ನವನು.

ಕೋರ್ಟಿನಲ್ಲಿ ಮೊದಲು ಮೊಬೈಲ್ ಆಫ್ ಮಾಡಿಸಿದರು. ಆಮೇಲೆ ಕೂರಲು ಜಾಗ ಇರಲಿಲ್ಲ. ಗೋಡೆಯ ಉದ್ದಕ್ಕೂ ಜನ ನಿಂತಿದ್ದರು, ನಿಂತೇ ಮುದುಕರಾದವರಂತೆ. ಒಬ್ಬಳ ಮಡಿಲಲ್ಲಿದ್ದ ಫೈಲು ಅವಳ ಮಗುವಿಗಿಂತ ದಪ್ಪವಾಗಿತ್ತು. ಕರಿಕೋಟಿನ ಹುಡುಗ ಅಲ್ಲೇ ಕಿಟಕಿಯ ಕಟ್ಟೆಯ ಮೇಲಿಟ್ಟು ಅರ್ಜಿ ಬರೆದ. "ಅರ್ಜಿದಾರನ ಬದುಕೇ ಆ ಹಲಗೆಯ ಮೇಲೆ ನಿಂತಿದೆ" ಎಂದು ಬರೆದು, ತಾನೇ ಓದಿ, ತಾನೇ ಕಣ್ಣೊರೆಸಿಕೊಂಡ.

ಎರಡೂವರೆಗೆ ಕೂಗಿದರು. ನ್ಯಾಯಾಧೀಶೆ ಅಂದಿನ ತೊಂಬತ್ತನೇ ಕೇಸು ಕೇಳುತ್ತಿದ್ದರು. ಕನ್ನಡಕದ ಮೇಲಿನಿಂದ ಬೀಗಣ್ಣನನ್ನು ನೋಡಿ, ಕೆಳಗಿನಿಂದ ಅರ್ಜಿ ಓದಿದರು. ಕರಿಕೋಟಿನ ಹುಡುಗ ಸ್ಟೂಲಿನ ತೀರ್ಪನ್ನು ಎತ್ತಿ ಹಿಡಿದ.

ನಗರಸಭೆಯ ವಕೀಲರು ಎದ್ದರು. ಅವರ ಹೊಟ್ಟೆ ಅವರಿಗಿಂತ ಮೊದಲೇ ಎದ್ದು ನಿಂತಿತ್ತು.

"ಮಹಾಸ್ವಾಮಿ, ಸ್ಟೂಲಿನ ತೀರ್ಪು ಇಲ್ಲಿಗೆ ಅನ್ವಯಿಸೋದಿಲ್ಲ. ಇಲ್ಲಿಗೆ ಅನ್ವಯಿಸೋದು ಬೋರ್ಡಿನ ತೀರ್ಪು. ಅದೂ ಮೇಲಿನ ಕೋರ್ಟಿಂದೇ. ಒಂದು ಚಪ್ಪಲಿ ಅಂಗಡಿಯ ಬೋರ್ಡು ಫುಟ್‌ಪಾತಿಗೆ ಚಾಚಿಕೊಂಡು ಒಬ್ಬ ಉದ್ದನೆಯ ಮನುಷ್ಯನ ಹಣೆ ಒಡೀತು. ನಡೆಯೋನ ಹಕ್ಕು ನೆಲಕ್ಕೆ ಮಾತ್ರ ಅಲ್ಲ, ಅವನ ತಲೆಯವರೆಗೂ ಇದೆ ಅಂತ ಕೋರ್ಟು ಹೇಳಿ, ಬೋರ್ಡು ಕೀಳಿಸಿತು."

"ಹಾಗಾದರೆ ಪ್ರಶ್ನೆ ಇಷ್ಟು" ಎಂದರು ನ್ಯಾಯಾಧೀಶೆ. "ಈ ಹಲಗೆ ಸ್ಟೂಲಿನ ಪೈಕಿಯೋ, ಬೋರ್ಡಿನ ಪೈಕಿಯೋ?"

"ಸ್ಟೂಲಿಗೆ ಕಾಲಿರುತ್ತೆ, ಮಹಾಸ್ವಾಮಿ. ಹಲಗೆಗೆ ಕಾಲಿದೆಯೇ ಅಂತ ಅರ್ಜಿದಾರನನ್ನೇ ಕೇಳಬಹುದು."

ಎಲ್ಲರೂ ಬೀಗಣ್ಣನ ಕಡೆ ತಿರುಗಿದರು. "ಕಾಲಿಲ್ಲ ತಾಯಿ" ಎಂದ ಅವನು. "ಎರಡು ಕಡೆ ಸರಪಳಿ ಇದೆ."

"ಸರಪಳಿ!" ನಗರಸಭೆಯ ವಕೀಲರು ಲಾಟರಿ ಹೊಡೆದವರಂತೆ ಕೂಗಿದರು. "ಆ ಬೋರ್ಡಿಗೂ ಸರಪಳಿಯೇ ಇತ್ತು!"

ಕರಿಕೋಟಿನ ಹುಡುಗ ಸೋಲುವವನಲ್ಲ. "ಬೋರ್ಡು ತಲೆ ಎತ್ತರದಲ್ಲಿತ್ತು, ಸ್ಟೂಲು ಮಂಡಿ ಎತ್ತರದಲ್ಲಿತ್ತು. ನಮ್ಮ ಹಲಗೆ ಇರೋದು ಸೊಂಟದ ಎತ್ತರದಲ್ಲಿ. ಸೊಂಟದಿಂದ ಮಂಡಿ ಹತ್ತಿರ, ತಲೆ ದೂರ."

"ಅದು ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಥರ" ಎಂದರು ವಕೀಲರು ತಮ್ಮ ಸೊಂಟ ಎಲ್ಲಿದೆ ಎಂದು ಹುಡುಕುತ್ತಾ. ಮೂಲೆಯಲ್ಲಿದ್ದ ಗುಮಾಸ್ತ ಯಾರೂ ನೋಡದಂತೆ ತನ್ನ ಸೊಂಟದಿಂದ ಮಂಡಿಗೆ, ಸೊಂಟದಿಂದ ತಲೆಗೆ ಗೇಣು ಹಾಕಿ ನೋಡಿಕೊಂಡ.

ಅರ್ಧ ಗಂಟೆ ಸ್ಟೂಲು ಬೋರ್ಡಿನೊಡನೆ ಜಗಳವಾಡಿತು. ಶೂ ಲೇಸಿನವನ ಹೆಸರು ಬಂತು, ಹಣೆ ಒಡೆದವನ ಹೆಸರು ಬಂತು. ಅವರಿಬ್ಬರೂ ಎಲ್ಲೋ ಊಟ ಮಾಡಿ ಮಲಗಿರಬೇಕು. ಬೀಗಣ್ಣ ಇಲ್ಲಿ ನಿಂತಿದ್ದ, ಅವನ ಹೆಸರು ಒಂದು ಸಲವೂ ಬರಲಿಲ್ಲ. ಅವನಿಗೆ ಒಂದು ಮಾತು ಹೇಳಬೇಕೆನಿಸಿತು. ತಾಯಿ, ಗರಗಸ ಅಂಗಡೀಲೇ ಇದೆ, ಒಂದು ಗೇಣು ತಾನೆ, ಕುಯ್ದುಬಿಡ್ತೀನಿ, ಎಲ್ಲರೂ ಮನೆಗೆ ಹೋಗೋಣ. ಕೈ ಎತ್ತಿದ. ಹಿಂದಿನಿಂದ ತಾತ ಅಂಗಿ ಹಿಡಿದು ಜಗ್ಗಿದರು. ಕೈ ಇಳಿಯಿತು.

ನ್ಯಾಯಾಧೀಶೆ ಗಡಿಯಾರ ನೋಡಿದರು. "ಇದು ಇವತ್ತಿಗೆ ಮುಗಿಯೋ ವಿಷಯ ಅಲ್ಲ. ಏಳು ತಿಂಗಳ ನಂತರ ವಿಚಾರಣೆ. ಸ್ಟೂಲಿನ ತೀರ್ಪಿನಂತೆ ಅಲ್ಲಿಯವರೆಗೆ ಯಥಾಸ್ಥಿತಿ."

"ಮಹಾಸ್ವಾಮಿ, ಆದೇಶ ಸ್ವಲ್ಪ ಬಿಗಿಯಾಗಿರಲಿ" ಎಂದು ಅಂಗಲಾಚಿದ ಕರಿಕೋಟಿನ ಹುಡುಗ. "ಇವರು ಅರ್ಧ ಅಂಗುಲ ಅರ್ಧ ಅಂಗುಲ ತಳ್ಳಿ ತಳ್ಳಿ ಒಳಗೆ ಹಾಕಿಬಿಡ್ತಾರೆ."

"ಆಗಲಿ." ಅವರು ಹೇಳುತ್ತಾ ಹೋದರು, ಗುಮಾಸ್ತ ಬರೆಯುತ್ತಾ ಹೋದ. "ಈ ಆದೇಶ ಹೊರಬಿದ್ದ ಮೂರು ಗಂಟೆ ಹತ್ತು ನಿಮಿಷಕ್ಕೆ ಸದರಿ ಪೆಟ್ಟಿಗೆ ಮತ್ತು ಹಲಗೆ ಎಲ್ಲಿ, ಹೇಗೆ ಇವೆಯೋ ಅಲ್ಲೇ, ಹಾಗೇ ಇರತಕ್ಕದ್ದು. ಅರ್ಜಿದಾರನೂ ಸೇರಿದಂತೆ ಯಾರೂ ಅವನ್ನು ಕದಲಿಸತಕ್ಕದ್ದಲ್ಲ, ತೆರೆದು ಮುರಿದು ಬದಲಿಸತಕ್ಕದ್ದಲ್ಲ."

ಹೊರಗೆ ಬಂದು ತಾತ ಬೀಗಣ್ಣನನ್ನು ತಬ್ಬಿಕೊಂಡರು. "ಗೆದ್ದೆ ಕಣಯ್ಯ! ನಾಳೆಯಿಂದ ಎಲ್ಲ ಕೋರ್ಟಲ್ಲೂ ನಿನ್ನ ಹಲಗೆ ತೀರ್ಪು ತೋರಿಸ್ತಾರೆ." ಬೀಗಣ್ಣನಿಗೂ ಎದೆ ಉಬ್ಬಿತು. ಮೊಬೈಲ್ ಆನ್ ಮಾಡಿದ. ಕಟಿಂಗ್‌ನವನಿಂದ ಹದಿನಾಲ್ಕು ಮಿಸ್ ಕಾಲ್. ಶುಭಾಶಯ ಹೇಳೋಕೆ ಇರಬೇಕು ಎಂದುಕೊಂಡ.

ನಾಲ್ಕೂವರೆಗೆ ಮೂವರೂ ಬೀದಿಗೆ ಬಂದಾಗ ಪೆಟ್ಟಿಗೆ ಇದ್ದ ಜಾಗ ಬೋಳಾಗಿತ್ತು. ಒಂಬತ್ತು ವರ್ಷ ಬಿಸಿಲು ಕಾಣದ ನೆಲ ಚೌಕವಾಗಿ ಕಪ್ಪಗಿತ್ತು. ಬೀಗಣ್ಣ ತಲೆಯ ಮೇಲೆ ಕೈ ಹೊತ್ತುಕೊಂಡ.

"ಹೆದರ್ಬೇಡ, ಉಳಿಸಿದ್ದೀವಿ!" ಕಟಿಂಗ್‌ನವನು ಕುಣಿಯುತ್ತಾ ಬಂದ. ಅವನ ಅಂಗಿಯೆಲ್ಲ ಮರದ ಪುಡಿ. "ಎರಡು ಗಂಟೆಗೆ ಬೀದಿ ತುದೀಲಿ ಲಾರಿ ಕಾಣಿಸ್ತು. ನಿನ್ನ ಫೋನು ಆಫು. ತಾತ ಏನು ಬೇಕಾದ್ರೂ ಮಾಡಿ ಅಂದಿದ್ರಲ್ಲ. ಅಕ್ಕ ಒಂದು ಕಡೆ, ನಾವು ಏಳು ಜನ ಒಂದು ಕಡೆ."

"ಏಳು ಜನ ಹಿಡಿದ ಕಡೆ ಅಲ್ಲಾಡಲೇ ಇಲ್ಲ" ಎಂದಳು ಇಸ್ತ್ರಿ ಅಕ್ಕ ತೋಳು ಸವರಿಕೊಳ್ಳುತ್ತಾ.

"ಲಾರಿ ನಗರಸಭೇದಾ?"

"ಅಲ್ಲ. ಯಾರೋ ಮನೆ ಬದಲಾಯಿಸ್ತಿದ್ರು. ಬೀರು, ಮಂಚ ಎಲ್ಲ ಇತ್ತು. ಆದ್ರೆ ಅದು ಗೊತ್ತಾಗೋ ಹೊತ್ತಿಗೆ ಇದು ಒಳಗೆ ಹೋಗಿಬಿಟ್ಟಿತ್ತು."

ಒಳಗೆ ಎಂದರೆ ಎರಡು ಅಂಗಡಿಗಳ ನಡುವಿನ ಸಂದಿ. ಬೀಗಣ್ಣ ಇಣುಕಿ ನೋಡಿದ. ಪೆಟ್ಟಿಗೆ ಅಡ್ಡ ತಿರುಗಿ ನಿಂತಿತ್ತು. ಬೆನ್ನು ಕಟಿಂಗ್‌ನವನ ಗೋಡೆಗೆ, ಮುಖ ಇಸ್ತ್ರಿ ಅಕ್ಕನ ಗೋಡೆಗೆ, ತಪ್ಪು ಮಾಡಿ ಶಿಕ್ಷೆಗೆ ನಿಲ್ಲಿಸಿದ ಮಗುವಿನಂತೆ. ಹೊರಕ್ಕೆ ತೆರೆಯುವ ಬಾಗಿಲಿಗೂ ಗೋಡೆಗೂ ನಡುವೆ ಒಂದೇ ಒಂದು ಗೇಣು. ಬೀಗಣ್ಣನ ಅರ, ಸುತ್ತಿಗೆ, ಸಾವಿರ ಕೀಲಿ, ಎಲ್ಲ ಆ ಬಾಗಿಲಿನ ಹಿಂದೆ.

"ಹಲಗೆ ಇದ್ದಾಗ ಹೇಗೆ ಹಿಡಿಸ್ತು ಈ ಸಂದಿಗೆ?" ಎಂದ ಬೀಗಣ್ಣ ಮೆಲ್ಲಗೆ.

ಕಟಿಂಗ್‌ನವನು ಹೆಮ್ಮೆಯಿಂದ ಕೆಮ್ಮಿದ. "ಹಿಡಿಸಲಿಲ್ಲ. ಒಂದು ಗೇಣು ಜಾಸ್ತಿ ಆಯ್ತು. ನಿನ್ನ ಗರಗಸ ಅಲ್ಲೇ ಇತ್ತು. ಗೆರೆನೂ ಇತ್ತು. ಗೆರೆ ಮೇಲೇ ನೇರವಾಗಿ ಕುಯ್ದೆ ನೋಡು, ಬಡಗಿಗೂ ಬರಲ್ಲ ಹಾಗೆ. ಐದು ನಿಮಿಷ ಆಯ್ತು ಅಷ್ಟೇ."

ಬೀಗಣ್ಣ ಮತ್ತೊಮ್ಮೆ ಸಂದಿಯೊಳಗೆ ಇಣುಕಿದ.

"ಕುಯ್ದಿದ್ದನ್ನ ಬಿಸಾಕಿಲ್ಲ. ನಿನ್ನ ಜಾಗ ಯಾರೂ ಹಿಡೀಬಾರ್ದು ಅಂತ ಅಲ್ಲೇ ಇಟ್ಟಿದ್ದೀನಿ."

ಹಳದಿ ಗೆರೆಯಿಂದಾಚೆ, ಎರಡು ಇಟ್ಟಿಗೆಗಳ ಮೇಲೆ, ಒಂದು ಗೇಣು ಅಗಲದ ಹಲಗೆ ಇತ್ತು. ಅದರ ಒಂದು ತುದಿಯಲ್ಲಿ ವೈಸು. ಇನ್ನೊಂದು ತುದಿಯಲ್ಲಿ ಅರ್ಧ ಗಡ್ಡದ ಗಿರಾಕಿ ಕೂತಿದ್ದ. ಬಲಗೆನ್ನೆಯ ನೊರೆ ಒಣಗಿ ಸುಣ್ಣದಂತಾಗಿತ್ತು.

"ಹೋಗಲಿ ಬಿಡು" ಎಂದು ಉಸಿರೆಳೆದುಕೊಂಡ ಬೀಗಣ್ಣ. "ಈಗ ಸ್ಟೇ ಸಿಕ್ಕಿದೆ. ಎಲ್ಲರೂ ಕೈ ಹಾಕಿ, ಪೆಟ್ಟಿಗೆ ಈಚೆ ಎಳೆಯೋಣ. ಅಕ್ಕ, ಬಾ."

ಅಕ್ಕ ಸೆರಗು ಕಟ್ಟಿಕೊಂಡು ಪೆಟ್ಟಿಗೆಯ ಮೂಲೆ ಹಿಡಿದಳು.

"ನಿಲ್ಲಿ! ಯಾರೂ ಮುಟ್ಬೇಡಿ!" ಕರಿಕೋಟಿನ ಹುಡುಗನ ಮುಖ ಬಿಳಿಚಿಕೊಂಡಿತ್ತು. "ಇದನ್ನ ಇಲ್ಲಿಗೆ ಹಾಕಿ ಮುಗಿದಾಗ ಗಂಟೆ ಎಷ್ಟು?"

"ಮೂರು ಹೊಡೆಯೋಕೆ ಮುಂಚೇನೇ ಮುಗೀತು" ಎಂದ ಕಟಿಂಗ್‌ನವನು, ಇನ್ನೂ ಮೆಚ್ಚುಗೆ ಸಿಗಬಹುದೆಂದು. "ಮೂರಕ್ಕೆ ಎಲ್ಲರೂ ಟೀ ಕುಡಿದ್ವಿ."

ಹುಡುಗ ಆದೇಶದ ಪ್ರತಿಯನ್ನು ಬಿಚ್ಚಿದ. ಅವನೇ ಬೇಡಿ ಬಿಗಿ ಮಾಡಿಸಿಕೊಂಡ ಸಾಲನ್ನು ಅವನೇ ಓದಿದ. ಮೂರು ಗಂಟೆ ಹತ್ತು ನಿಮಿಷಕ್ಕೆ ಎಲ್ಲಿ, ಹೇಗೆ. ಅರ್ಜಿದಾರನೂ ಸೇರಿದಂತೆ. ಅಕ್ಕನ ಕೈ ಕೆಂಡ ಮುಟ್ಟಿದಂತೆ ಹಿಂದೆ ಬಂತು. ಬೀದಿಯಲ್ಲಿ ಮೊದಲ ಸಲ ಯಾರೂ ಏನೂ ಸಲಹೆ ಕೊಡಲಿಲ್ಲ.

ಸರಿಯಾಗಿ ಐದಕ್ಕೆ ಗೆರೆ ಸಾಹೇಬರು ನಿಜವಾದ ಲಾರಿ ತಂದರು. ಆದೇಶವನ್ನು ಎರಡು ಸಲ ಓದಿದರು. ಹಳದಿ ಗೆರೆಯ ಹೊರಗಿದ್ದ ತುಂಡು ಹಲಗೆಯ ಕಡೆ ಬಗ್ಗಿದರು.

"ಮುಟ್ಟಿದ್ರೆ ನ್ಯಾಯಾಂಗ ನಿಂದನೆ!" ಎಂದು ತಾತ ಕೋಲು ಎತ್ತಿದರು.

ಸಾಹೇಬರು ಕೈ ಹಿಂದಕ್ಕೆ ತೆಗೆದುಕೊಂಡರು. ಸಂದಿಯೊಳಗೆ ಇಣುಕಿದರು. ಖಾಲಿ ನೆಲ ನೋಡಿದರು. ಅವರ ಮುಖದಲ್ಲಿ ನಿಧಾನವಾಗಿ ನಗು ಹರಡಿತು. "ಹಾಗಾದ್ರೆ ನಾನು ಎತ್ತಬೇಕಾದ್ದನ್ನ ನೀವೇ ಎತ್ತಿದ್ದೀರ, ಕುಯ್ಯಬೇಕಾದ್ದನ್ನ ನೀವೇ ಕುಯ್ದಿದ್ದೀರ. ಕೋರ್ಟು ಅದಕ್ಕೆ ಮುದ್ರೆ ಒತ್ತಿದೆ. ಏಳು ತಿಂಗಳು ಪೆಟ್ಟಿಗೆ ಈಚೆ ಬರೋ ಹಾಗಿಲ್ಲ. ನಮಸ್ಕಾರ." ಲಾರಿ ಹತ್ತಿ ಹೋದರು. ನಿಯಮದೊಳಗಿದ್ದ ಪೆಟ್ಟಿಗೆ ಸಂದಿಯಲ್ಲಿ ಬಂದಿ, ನಿಯಮ ಮೀರಿದ ಒಂದು ಗೇಣು ಮಾತ್ರ ಬೀದಿಯಲ್ಲಿ ರಾಜ.

ಹೆಂಡತಿ ಫ್ಯಾಕ್ಟರಿಯಿಂದ ಬಂದಳು. ಹಲಗೆ ನೋಡಿದಳು, ಸಂದಿ ನೋಡಿದಳು, ಗಂಡನನ್ನು ನೋಡಿದಳು. "ಕುಯ್ದಿದ್ದೇನೋ ಚೆನ್ನಾಗೇ ಕುಯ್ದಿದ್ದೀರಿ" ಎಂದಳು. "ಇಷ್ಟಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೂ ಬೇಕಾಯ್ತಾ?"

ಅಷ್ಟರಲ್ಲಿ ಬಡಗಿ ಬಂದು ಎದುರು ನಿಂತ. "ಐದೂಕಾಲು ಆಯ್ತು. ಎಲ್ಲಯ್ಯ ನನ್ನ ಗರಗಸ?"

ಬೀಗಣ್ಣ ಕಟಿಂಗ್‌ನವನ ಕಡೆ ನೋಡಿದ. ಕಟಿಂಗ್‌ನವನು ಆಕಾಶ ನೋಡಿದ.

"ಯಾರಾದ್ರೂ ಎತ್ಕೊಂಡು ಹೋದ್ರೆ ಅಂತ, ತಳ್ಳೋಕೆ ಮುಂಚೆ ಪೆಟ್ಟಿಗೆ ಒಳಗಿಟ್ಟು ಬಾಗಿಲಿಗೆ ಬೀಗ ಒತ್ತಿದೆ" ಎಂದ ಸಣ್ಣ ದನಿಯಲ್ಲಿ. "ಭದ್ರವಾಗಿದೆ."

"ಒಡೀರಿ ಬಾಗಿಲು!"

"ತೆರೆದು ಮುರಿದು ಬದಲಿಸತಕ್ಕದ್ದಲ್ಲ" ಎಂದು ಕರಿಕೋಟಿನ ಹುಡುಗ ಕಾಗದ ನೋಡದೆಯೇ ಹೇಳಿದ. "ಏಳು ತಿಂಗಳು."

ಬಡಗಿಯ ಕಿವಿ ಕೆಂಪಾಯಿತು. "ನಾಳೆ ನನ್ನ ಹನ್ನೆರಡು ಚೌಕಟ್ಟು ಯಾರು ಕುಯ್ತಾರೆ? ನಾನೂ ಪೇಪರ್ ಓದ್ತೀನಿ, ತಿಳ್ಕೊ. ಹೊಟ್ಟೆಪಾಡಿನ ಹಕ್ಕಿರೋವನನ್ನ ವಿಚಾರಣೆ ಇಲ್ಲದೆ ಹೀಗೆ ಮಾಡೋಕಾಗಲ್ಲ ಅಂತ ಮೇಲಿನ ಕೋರ್ಟೇ ಹೇಳಿದೆ!"

ಸೆಕ್ಷನ್ ತಾತನ ತಲೆ ಫಕ್ಕನೆ ಮೇಲೆದ್ದಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅರ್ಧ ಗಡ್ಡದವನಿಗೆ ಜರುಗು ಎಂದು ಸನ್ನೆ ಮಾಡಿ, ತುಂಡು ಹಲಗೆಯ ಮೇಲೆ ಬಡಗಿಗೆ ಜಾಗ ತೋರಿಸಿದರು.

"ಕೂತ್ಕೊ, ಕೂತ್ಕೊ. ಮೊದಲಿಂದ ಹೇಳು" ಎಂದರು, ಬೀಗಣ್ಣನ ಕಡೆ ಬೆನ್ನು ತಿರುಗಿಸುತ್ತಾ. "ಇವನ ಮೇಲೆ ನಿಂದು ಗಟ್ಟಿ ಕೇಸು."